ಬೇಲಿಯ ಬ್ಯಾಟರಿ

ಆಗ ನಮ್ಮ ಮನೆಯಲ್ಲಿ ಕೋಳಿಗಳಿದ್ದವು. ಮೊಟ್ಟೆ ಎಂದರೆ ಗೂಡಿಗೆ ಕೈ ಹಾಕಿ ತೆಗೆಯುವ ವಸ್ತು, ಅಂಗಡಿಯಿಂದ ಟ್ರೇಯಲ್ಲಿ ತರುವಂಥದ್ದಲ್ಲ. ನಾನು ಏಳನೇ ತರಗತಿಯಲ್ಲಿದ್ದೆ. ಬೆಳಿಗ್ಗೆ ಗೂಡು ತೆರೆದು ನುಚ್ಚಕ್ಕಿ ಹಾಕುವುದು, ಮೊಟ್ಟೆ ಹೆಕ್ಕಿ ಕ್ಯಾಲೆಂಡರಿನ ಚೌಕದಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಬೆಚ್ಚಗಿನ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರೆ ಬೂದಿಯ, ಗರಿಯ ವಾಸನೆ. ಬೊಳ್ಳಿ ಎಂಬ ಬಿಳಿ ಹೇಂಟೆಯನ್ನು ಅಜ್ಜಿ ನನಗೆಂದೇ ಕೊಟ್ಟಿದ್ದರು.

ಆ ಮಳೆಗಾಲ ಕಾಡುಬೆಕ್ಕೊಂದು ಗೂಡಿನ ಬಲೆ ಹರಿದು ಕೋಳಿ ಒಯ್ಯತೊಡಗಿತು. ಒಯ್ದ ದಿನಕ್ಕೆ ಕ್ಯಾಲೆಂಡರಿನಲ್ಲಿ ಅಡ್ಡಗೀಟು ಹಾಕುತ್ತಿದ್ದೆ. ಕರೆಂಟ್ ಹೋದ ದಿನಕ್ಕೆ ಸೊನ್ನೆ. ಹೋಂವರ್ಕ್ ಮಾಡದ್ದಕ್ಕೆ ಟೀಚರಿಗೆ ಕಾರಣ ಹೇಳಬೇಕಲ್ಲ.

ಅಪ್ಪ ಆಲಂಕಾರು ಪೇಟೆಯಿಂದ ಶಾಕ್ ಬೇಲಿಯ ಮೆಷಿನ್ ತಂದರು. ಕೊಲ್ಲುವ ಶಾಕ್ ಅಲ್ಲ, ತಂತಿಗೆ ಮೂಗು ತಾಗಿದರೆ ಚುರ್ರೆಂದು ಪ್ರಾಣಿ ಓಡಬೇಕು, ಅಷ್ಟೆ. ಅದನ್ನು ಮನೆಯ ಕರೆಂಟಿಗೂ ಕೊಡಬಹುದು, ಬ್ಯಾಟರಿಗೂ ಕೊಡಬಹುದು.

“ಪ್ಲಗ್ಗಿಗೆ ಹಾಕಿದರೆ ಮುಗೀತು. ಬ್ಯಾಟರಿ ಎಂತಕ್ಕೆ ಮಾರಾಯ?” ಎಂದರು ಅಪ್ಪನ ಅಣ್ಣ, ನನ್ನ ದೊಡ್ಡಪ್ಪ.

ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದೆ. “ಇಲ್ಲಿ ನೋಡಿ ದೊಡ್ಡಪ್ಪ. ಕೋಳಿ ಹೋದದ್ದೆಲ್ಲ ಸೊನ್ನೆ ಇರುವ ದಿನವೇ. ಅಂಗಳದ ಲೈಟ್ ಆರಿದಾಗಲೇ ಅದು ಬರುದು. ಪ್ಲಗ್ಗಿನ ಬೇಲಿಯೂ ಆಗ ಸತ್ತಿರ್ತದೆ.”

“ಓಹೋ, ಲೈನ್‌ಮ್ಯಾನ್ ಬಂದ್ರು! ಹಾಗಾದ್ರೆ ಸೋಲಾರ್ ಹಾಕುವನಾ? ಈ ಮಳೆಗೆ ಸೂರ್ಯ ಎಲ್ಲಿ ಉಂಟು?”

“ಸೂರ್ಯ ಬೇಡ. ಕರೆಂಟ್ ಇರುವಾಗ ಬ್ಯಾಟರಿ ಚಾರ್ಜ್ ಮಾಡಿಡುದು.”

ಅಪ್ಪ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. “ಅವಳು ಹೇಳುದು ಸರಿ ಅಣ್ಣ.”

ಬೇಲಿ ಎದ್ದಿತು. ಮೆಷಿನ್ ಟಿಕ್ ಟಿಕ್ ಎನ್ನುತ್ತಿತ್ತು. ಮಳೆ ನಿಂತಾಗ ಹಾಸಿಗೆಯವರೆಗೂ ಕೇಳುತ್ತಿದ್ದ ಆ ಸದ್ದೇ ನನಗೆ ಜೋಗುಳ. ಕ್ಯಾಲೆಂಡರಿನಲ್ಲಿ ಸೊನ್ನೆಗಳು ಬಂದವು, ಅಡ್ಡಗೀಟು ಒಂದೂ ಬರಲಿಲ್ಲ. ಬೊಳ್ಳಿ ಕಾವು ಕೂತಿತು.

ಆಮೇಲೆ ಕಬಡ್ಡಿ ಫೈನಲ್ ಬಂತು. ಸಂಜೆಯ ಗಾಳಿಗೆ ಎಂದಿನಂತೆ ಕರೆಂಟ್ ಹೋಯಿತು. ನಮ್ಮ ತಗ್ಗಿನಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ವೈಫೈ ಮೋಡೆಮ್ ಆರಿದರೆ ಎಲ್ಲವೂ ಆರಿದಂತೆ. ದೊಡ್ಡಪ್ಪ ಕೊಡೆ ಹಿಡಿದು ಹಿತ್ತಿಲಿಗೆ ಹೋದವರು ಬ್ಯಾಟರಿ ಎತ್ತಿಕೊಂಡು ಬಂದು ಮೋಡೆಮ್‌ಗೆ ಜೋಡಿಸತೊಡಗಿದರು.

“ದೊಡ್ಡಪ್ಪ, ಅದು ಬೇಲಿಯದ್ದು!”

“ಒಂದು ದಿನಕ್ಕೆ ಎಂತ ಆಗುದಿಲ್ಲ. ಮ್ಯಾಚ್ ಮುಗಿದ ಕೂಡ್ಲೇ ಇಡ್ತೇನೆ.”

ನಾನು ಅಪ್ಪನ ಮುಖ ನೋಡಿದೆ. ಲೆಕ್ಕ ಸರಿ ಎಂದವರು ಅವರೇ. ಅಪ್ಪ ಚಾಪೆಯನ್ನು ಮೊಬೈಲಿನ ಹತ್ತಿರಕ್ಕೆ ಎಳೆದುಕೊಂಡು, “ಸ್ಕೋರ್ ಎಷ್ಟಾಯ್ತು?” ಎಂದರು.

ಬೊಳ್ಳಿಯನ್ನು ಬುಟ್ಟಿ ಸಮೇತ ಒಳಗೆ ತರುತ್ತೇನೆಂದೆ. ಅಮ್ಮ ಬಿಡಲಿಲ್ಲ. “ಕಾವು ಕೂತದ್ದನ್ನು ಅಲ್ಲಾಡಿಸಬಾರದು. ಮೊಟ್ಟೆ ಹಾಳಾಗ್ತದೆ. ನೀನು ಉಂಡು ಮಲಗು.”

ಬೆಳಿಗ್ಗೆ ಬ್ಯಾಟರಿ ಮೋಡೆಮ್‌ನ ಪಕ್ಕದಲ್ಲೇ ಇತ್ತು. ಬೇಲಿಯ ತಂತಿಗೆ ಬಿಳಿ ಗರಿಗಳು ಒದ್ದೆಯಾಗಿ ಅಂಟಿದ್ದವು. ಮೊಟ್ಟೆ ಮುಟ್ಟಿದೆ, ಎಲ್ಲವೂ ತಣ್ಣಗಿದ್ದವು.

“ಒಂದು ಹೇಂಟೆಗೆ ಇಷ್ಟು ಕೂಗುದಾ? ಇನ್ನೊಂದು ತರುವ” ಎಂದರು ದೊಡ್ಡಪ್ಪ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮನೆಗೆ ಬಂದವರಿಗೆಲ್ಲ, “ಈ ಬ್ಯಾಟರಿ ಬೇಲಿ ಎಲ್ಲ ಸುಮ್ಮನೆ ಮಾರಾಯ್ರೆ, ಪ್ರಯೋಜನ ಇಲ್ಲ” ಎಂದು ಹೇಳಿದರು. ಅಪ್ಪ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಒಮ್ಮೆಯೂ “ಅಲ್ಲ ಅಣ್ಣ” ಎನ್ನಲಿಲ್ಲ. ನನ್ನ ಲೆಕ್ಕ ತಪ್ಪಿದ್ದರೆ ಸಹಿಸುತ್ತಿದ್ದೆ. ಸರಿ ಎಂದು ಒಪ್ಪಿಕೊಂಡು, ಆಮೇಲೆ ಅದನ್ನು ಚಾಪೆಯ ಕೆಳಗೆ ಹಾಕಿ ಕೂತದ್ದನ್ನು ಇಂದಿಗೂ ಸಹಿಸಲಾಗುವುದಿಲ್ಲ.

ಪ್ರಯೋಜನವಿಲ್ಲದ ಬೇಲಿಯನ್ನು ಬಿಚ್ಚಿದರು. ಮುಂದಿನ ಮಳೆಗಾಲ ಮುಗಿಯುವಾಗ ಗೂಡಿನಲ್ಲಿ ಒಂದೂ ಕೋಳಿ ಉಳಿದಿರಲಿಲ್ಲ.

ಈಗ ಮನೆಗೆ ದೊಡ್ಡ ಇನ್ವರ್ಟರ್ ಬಂದಿದೆ. ಕರೆಂಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ, ಮ್ಯಾಚ್ ನಿಲ್ಲುವುದಿಲ್ಲ. ಹಿತ್ತಿಲಿನಿಂದ ಕೋಳಿಯ ಕೂಗೂ ಇಲ್ಲ, ಟಿಕ್ ಟಿಕ್ ಕೂಡ ಇಲ್ಲ. ಅಂಗಡಿಯ ಮೊಟ್ಟೆ ಬೇಯಿಸಿದ ದಿನ ದೊಡ್ಡಪ್ಪ ತಪ್ಪದೆ ಒಂದು ಮಾತು ಹೇಳುತ್ತಾರೆ: “ಎಂತ ಹೇಳು, ನಮ್ಮ ಊರ ಕೋಳಿಯ ಮೊಟ್ಟೆಯ ರುಚಿ ಇದಕ್ಕೆ ಇಲ್ಲ.”

ನಾನು ತಟ್ಟೆ ಬಿಟ್ಟು ಏಳುತ್ತೇನೆ. “ಇವಳಿಗೆ ಎಂತ ಆಯ್ತು?” ಎಂದು ಅವರು ಅಪ್ಪನನ್ನು ಕೇಳುತ್ತಾರೆ. ಅಪ್ಪ ತಟ್ಟೆಯತ್ತ ಬಗ್ಗಿ ಇನ್ನೊಂದು ಮೊಟ್ಟೆ ಸುಲಿಯುತ್ತಾರೆ.