ತಪ್ಪೊಪ್ಪಿಗೆಯಲ್ಲೂ ಚೌಕಾಸಿ

ಕಳೆದುಹೋಗಿದ್ದ ಐದು ಕಿಲೋ ತೂಕದ ಬಟ್ಟು ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಸಿಕ್ಕಿತು! ತೂಕ ಸರಿಯಿದೆಯೆಂಬ ಸರ್ಕಾರಿ ಮುದ್ರೆ ಹಾಕಿಸಿಕೊಂಡು ಬರಲು ನಾನೇ ಇಟ್ಟು ಮರೆತಿದ್ದೆ. ಎಂಬತ್ತರ ದಶಕದ ಮಾತಿದು. ಯಶವಂತಪುರದ ಮಂಡಿಯಲ್ಲಿ ನನ್ನ ಅಂಗಡಿಯಿತ್ತು; ಬಟ್ಟು ಕಾಣದಾಗ ಅಲ್ಲೇ ಎಲ್ಲರೆದುರು ಹಮಾಲಿ ಮುನಿಯಪ್ಪನನ್ನು ಕಳ್ಳನೆಂದು ಕೂಗಾಡಿದ್ದೆ. ಎರಡು ದಿನದಿಂದ ಯಾರೂ ಅವನಿಗೆ ಮೂಟೆ ಹೊರಲು ಕೊಟ್ಟಿರಲಿಲ್ಲ.

ಅವನನ್ನು ಗೋದಾಮಿನ ಹಿಂದಕ್ಕೆ ಕರೆದು, "ಬಟ್ಟು ಸಿಕ್ತು ಕಣಯ್ಯ. ನಂದೂ ತಪ್ಪಾಯ್ತು, ನೀನೂ ಎದುರು ಮಾತಾಡ್ದೆ. ಇಬ್ರೂ ಮರ್ತುಬಿಡೋಣ" ಎಂದೆ.

ಅವನು ನಕ್ಕುಬಿಟ್ಟ. "ಇದ್ರಲ್ಲೂ ಚೌಕಾಸಿನಾ ಸಾವ್ಕಾರ್ರೇ? ಕಳ್ಳ ಅಂದಿದ್ದು ಎಲ್ರ ಮುಂದೆ, ತಪ್ಪಾಯ್ತು ಅನ್ನೋದು ಗೋಡೆ ಹಿಂದೆನಾ?"

ಪ್ರತಿ ಭಾನುವಾರ ಚರ್ಚಿನ ಪ್ರಾರ್ಥನೆಯಲ್ಲಿ ತಪ್ಪೊಪ್ಪಿಕೊಳ್ಳುತ್ತ ಎದೆ ಬಡಿದುಕೊಂಡು 'ನನ್ನ ಪಾಪ' ಎನ್ನುವವನು ನಾನು. ಅಲ್ಲಿ ಸಲೀಸಾಗಿ ಬರುವ ಮಾತು ಇಲ್ಲಿ ಅಷ್ಟು ಸುಲಭವಾಗಿರಲಿಲ್ಲ. ಆದರೂ ಮಂಡಿಯ ನಡುವೆ ನಿಂತು, ಬಟ್ಟನ್ನು ಎತ್ತಿ ಹಿಡಿದು, "ಮುನಿಯಪ್ಪ ಕದ್ದಿಲ್ಲ. ತಪ್ಪು ನಂದು, ಪೂರ್ತಿ ನಂದೇ" ಎಂದು ಕೂಗಿ ಹೇಳಿದೆ. ಆಮೇಲೆ ಪಕ್ಕದ ಅಂಗಡಿಯ ಸಾಬರು ಕರೆದರು: "ಬಾರಪ್ಪಾ ಮುನಿಯಪ್ಪ, ಈರುಳ್ಳಿ ಲಾರಿ ಕಾಯ್ತಾ ಇದೆ."

ಯಾವುದಕ್ಕೆ ಬೇಕಾದರೂ ಚೌಕಾಸಿ ಮಾಡಿ, ತಪ್ಪೊಪ್ಪಿಕೊಳ್ಳುವಾಗ ಮಾತ್ರ ಬೇಡ. ಮರುಭಾನುವಾರ ನಾನು ಬಡಿದುಕೊಂಡ ಎದೆ ಹಗುರವಾಗಿತ್ತು.