ಎರಡನೆಯ ಸೀನು

ನನಗೆ ಸೀನು ಬಂದರೆ ಒಂದೇ ಬರುತ್ತದೆ. ಬೇರೆಯವರಿಗೆ ಸಾಲಾಗಿ ಹತ್ತು ಬರುತ್ತವೆ, ಪುಣ್ಯವಂತರು. ನನ್ನದು ಒಂದು, ಅದೂ ಹಂಚು ಹಾರುವಂಥದ್ದು. ಆಮೇಲೆ ಅರ್ಧ ತಾಸು ಮೂಗು ಗಪ್ಪು. ಒಂದು ಸೀನಿದರೆ ಅಪಶಕುನ, ಎರಡು ಸೀನಿದರೆ ಶುಭ ಎಂದು ನಂಬುವ ಊರುಗಳಲ್ಲಿ ಇಂಥ ಮೂಗು ಇಟ್ಟುಕೊಂಡು ನಾನು ಮದುವೆ ಸೀರೆ ಮಾರುತ್ತೇನೆ.

ಮಾರುವುದೆಂದರೆ, ಬೆಟಗೇರಿಯ ನಮ್ಮ ಮಾಲಕರ ಮಗ್ಗದ ಸೀರೆಗಳನ್ನು ಬೈಕಿಗೆ ಕಟ್ಟಿಕೊಂಡು ಮದುವೆ ಮನೆಗಳಿಗೆ ಹೋಗಿ ಬಿಚ್ಚಿ ತೋರಿಸುವುದು. ದೀಪಾವಳಿ ಮುಗಿದರೆ ಮದುವೆಗಳು ಶುರು. ರಸ್ತೆಯ ಎರಡೂ ಬದಿ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟು ನಿಂತಿರುವುದೂ ಆಗಲೇ. ಅದರ ಹೂವಿಗೂ ನನ್ನ ಮೂಗಿಗೂ ಯಾವ ಜನ್ಮದ ವೈರವೋ ಗೊತ್ತಿಲ್ಲ. ಡಾಕ್ಟರರಿಗೆ ಗೊತ್ತು. ಅವರು ಅದಕ್ಕೆ ಅಲರ್ಜಿ ಅಂದರು. ಧೂಳು, ಹೂವಿನ ಪುಡಿ, ಹುಳ ಇರುವ ಕಡೆ ಅಡ್ಡಾಡಬೇಡ, ಮನೆಯಲ್ಲಿರು ಅಂದರು. ನಮ್ಮ ಮನೆಯಲ್ಲಿ ಮೂರೂ ಇವೆ. ಕೊನೆಗೆ ಗುಳಿಗೆ ಕೊಟ್ಟರು. ನುಂಗಿದರೆ ನಿದ್ದೆ ಬರುತ್ತದೆ. ಬೈಕಿನ ಮೇಲೆ ನಿದ್ದೆ ಬಂದರೆ ಸೀನು ಕಾಯಂ ನಿಲ್ಲುತ್ತದೆ, ಅದು ಖರೆ.

ಆವತ್ತು ಹೊರಡುವಾಗ ಮಾಲಕರು ಬಾಗಿಲಿಗೇ ಬಂದು ನಿಂತರು.

"ಹ್ವಾದ ಸಲ ಶಿರಹಟ್ಟ್ಯಾಗ ಸೀನಿ ಗಂಟು ವಾಪಸ್ ತಂದಿ. ಇವತ್ತ ಕೊರ್ಲಹಳ್ಳ್ಯಾಗೂ ಹಂಗ ಮಾಡಿದ್ರ ಗಾಡಿ ಚಾವಿ ಇಲ್ಲಿಟ್ಟು ಮನಿಗೆ ನಡಿ."

"ನಾ ಬೇಕಂತ ಸೀನ್ತೇನೇನ್ರಿ?"

"ಬ್ಯಾಡಂತಾದ್ರೂ ಸೀನಬ್ಯಾಡಲೇ!"

ಮೂಗಿಗೆ ಮಾಸ್ಕು, ಅದರ ಮೇಲೆ ಟವಲು, ಅದರ ಮೇಲೆ ಹೆಲ್ಮೆಟ್ಟು. ಹೂವಿನ ಪುಡಿ ಒಳಗೆ ಬರಲಿಲ್ಲ. ಬಾಕಿ ವಸೂಲಿಗೆಂದು ಸುತ್ತು ದಾರಿ ಹಿಡಿದಿದ್ದೆ, ಲಕ್ಷ್ಮೇಶ್ವರದ ಹತ್ತಿರ ಕಣಜ ಬಂತು. ಹೆಲ್ಮೆಟ್ಟಿನೊಳಗೆ ಹೊಕ್ಕ ಹುಳಕ್ಕೆ ಹೊರಗೆ ಹೋಗುವ ದಾರಿ ತಿಳಿಯಲಿಲ್ಲ, ನನಗೆ ತೋರಿಸಲಿಕ್ಕೆ ಪುರುಸೊತ್ತಾಗಲಿಲ್ಲ. ಕಣ್ಣಿನ ಕೆಳಗೆ ಕಡಿದು ಹೋಯಿತು.

ನಮ್ಮ ಕಡೆ ಹುಳ ಕಡಿದರೆ ಡಾಕ್ಟರರನ್ನು ಹುಡುಕಬೇಕಾಗಿಲ್ಲ, ನಿಂತಲ್ಲೇ ಹತ್ತು ಮಂದಿ ಹುಟ್ಟುತ್ತಾರೆ. ಲಕ್ಷ್ಮೇಶ್ವರದ ಚಹಾದಂಗಡಿಯವನು ಸುಣ್ಣ ಬಳಿದ. ಶಿರಹಟ್ಟಿಯಲ್ಲಿ ಪಂಕ್ಚರ್ ತಿದ್ದುವವನು ಸುಣ್ಣ ಹಚ್ಚಿದವನು ಹುಚ್ಚ ಎಂದು ಬೈದು, ಅದನ್ನು ಒರೆಸಿ ಉಳ್ಳಾಗಡ್ಡಿ ತಿಕ್ಕಿದ. ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು, ನಾನು ಕೇಳದಿದ್ದರೂ, ಅರಿಷಿಣ ಮೆತ್ತಿದರು. ಒಗ್ಗರಣೆ ಹಾಕುವುದೊಂದೇ ಬಾಕಿ. ಬಾವು ಮಾತ್ರ ಯಾರ ಮಾತನ್ನೂ ಕೇಳಲಿಲ್ಲ.

ಕೊರ್ಲಹಳ್ಳಿಯ ಆ ಮನೆಯಲ್ಲಿ ಮದುಮಗಳ ಅಜ್ಜಿಯದೇ ಕಾರುಬಾರು. ನನ್ನನ್ನು ನೋಡಿದವಳೇ ಕೇಳಿದಳು:

"ಯಾರ ಬಡದ್ರೋ ತಮ್ಮಾ?"

"ಯಾರೂ ಇಲ್ಲಬೇ ಆಯಿ, ಕಣಜ ಕಡದೈತಿ."

"ಕಣಜಕ್ಕ ಅರಿಷಿಣ ಹಚ್ಚತಾರೇನು? ನಿನಗ ಹಚ್ಚಿದವಗ ಬುದ್ಧಿ ಇಲ್ಲ. ಸೀರಿ ಬಿಚ್ಚು."

ಬಿಚ್ಚಿದೆ. ಹದಿನೈದು ಸೀರೆಗಳನ್ನು ಮೂಸಿ ಬಿಟ್ಟಮೇಲೆ ಮದುಮಗಳು ಕೆಂಪಂಚಿನ ಹಸಿರು ಸೀರೆಯೊಂದನ್ನು ಹಿಡಿದಳು, ಮತ್ತೆ ಬಿಡಲಿಲ್ಲ. ಅಜ್ಜಿಯೂ ಸೆರಗು ಸವರಿ ಸವರಿ ನೋಡಿದಳು. ನಮ್ಮಲ್ಲಿ ಮದುವೆ ಸೀರೆಗೆ ಮನೆಯ ಹಿರಿಯಳು ಕುಂಕುಮ ಹಚ್ಚಿದರೆ ವ್ಯಾಪಾರ ಮುಗಿಯಿತು. ಅಜ್ಜಿ ಕುಂಕುಮದ ಭರಣಿಗೆ ಬೆರಳದ್ದಿದಳು. ಬೆರಳು ಸೀರೆಯ ಹತ್ತಿರ ಬಂತು.

ಸೀನಿದೆ.

ಬೆರಳು ಅಲ್ಲೇ ನಿಂತಿತು. "ಒಂಟಿ ಸೀನು!" ಎಂದು ಒಳಗಿನಿಂದ ಯಾರೋ ಅಂದರು. ಮನೆಮಂದಿಯೆಲ್ಲ ಇನ್ನೊಂದಕ್ಕಾಗಿ ನನ್ನ ಮೂಗನ್ನೇ ನೋಡುತ್ತ ನಿಂತರು. ಸೀನು ಬರಲೆಂದು ನಾನು ಬಿಸಿಲು ನೋಡಿದೆ. ಕಾಂಗ್ರೆಸ್ ಕಸವನ್ನು ನೆನೆದೆ. ಗಾಡಿಯ ಚಾವಿಯನ್ನೂ ನೆನೆದೆ. ಬರಲಿಲ್ಲ. ಮದುಮಗಳ ಕಣ್ಣಲ್ಲಿ ನೀರು ಬಂತು, ಸೀರೆ ಮಾತ್ರ ಕೈಬಿಡಲಿಲ್ಲ.

ಅಜ್ಜಿ ಒಮ್ಮೆ ಮೊಮ್ಮಗಳನ್ನು ನೋಡಿದಳು, ಒಮ್ಮೆ ಸೆರಗನ್ನು ನೋಡಿದಳು. ಆಮೇಲೆ ಎಡಗೈಯಿಂದ ಸೊಂಟದಲ್ಲಿದ್ದ ನಶ್ಯದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು.

"ತಗೋ, ತಪಕೀರ. ಏರಸು."

"ಆಯಿ, ನನಗ ಮೊದಲ ಅಲರ್ಜಿ..."

"ಒಳ್ಳೇದಾತು, ಜಲ್ದಿ ಬರ್ತೈತಿ. ಏರಸಲೇ!"

ಏರಿಸಿದೆ. ಎರಡನೆಯದು ಬಂತು. ಹುಟ್ಟಿದಾಗಿನಿಂದ ಬಾರದೆ ಉಳಿದದ್ದೆಲ್ಲ ಅದರ ಬೆನ್ನಿಗೇ ಹೊರಟಿತ್ತು. ಆದರೆ ಎರಡಕ್ಕೂ ಮೂರಕ್ಕೂ ನಡುವಿನ ಅಷ್ಟೇ ಸಂದಿನಲ್ಲಿ ಅಜ್ಜಿ ಸೀರೆಗೆ ಕುಂಕುಮ ಹಚ್ಚಿ ಮುಗಿಸಿದ್ದಳು.

ನಾನು ಹನ್ನೊಂದು ಸೀನಿದೆ. ಒಬ್ಬರೂ ಎಣಿಸಲಿಲ್ಲ.

ಈಗಲೂ ಅದೇ ಗಾಡಿ, ಅದೇ ಮೂಗು. ಕಿಸೆಯಲ್ಲಿ ಸೀನು ನಿಲ್ಲಿಸುವ ಡಾಕ್ಟರರ ಗುಳಿಗೆಯೂ ಇದೆ, ಸೀನು ತರಿಸುವ ನಶ್ಯದ ಡಬ್ಬಿಯೂ ಇದೆ. ಡಬ್ಬಿ ನಾನಾಗಿ ತೆಗೆಯುವುದಿಲ್ಲ. ಒಂಟಿ ಸೀನು ಬಂದಾಗ ಸುಮ್ಮನೆ ಮನೆಯ ಹಿರಿಯಳ ಮುಖ ನೋಡುತ್ತೇನೆ. ಸೀರೆ ಮನಸ್ಸಿಗೆ ಬಂದಿದ್ದರೆ ಆಕೆಯೇ ಕೇಳುತ್ತಾಳೆ, "ತಪಕೀರ ಐತೇನೋ ತಮ್ಮಾ?" ಮನಸ್ಸಿಗೆ ಬರದಿದ್ದರೆ ಅಪಶಕುನ ಎನ್ನುತ್ತಾಳೆ. ನಾನು ಗಂಟು ಕಟ್ಟುತ್ತೇನೆ.