ಘಟ್ಟ ದಾಟಿದ ಹನ್ನೆರಡು ಗ್ರಾಂ

ಬೆಳಗಿನ ಆರಕ್ಕೆ ಇನ್ನೂ ಹದಿನೈದು ನಿಮಿಷ. ಹೊರಗೆ ಆಲೂಗೆಡ್ಡೆ ಹೊಲಗಳ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿದೆ. ಗೇಟಿನ ಬಳಿ ಬಿಸಿ ಕಷಾಯ ಮಾರುವವನ ಗಾಡಿಯ ಸುತ್ತ ನಾಲ್ಕೈದು ಜನ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾರೆ. ಒಳಗೆ, ಬಾಟಲಿ ಊದುವ ಯಂತ್ರದ ಪಕ್ಕ, ಉಣ್ಣೆಯ ಶಾಲನ್ನು ಎದೆಗೆ ಅಡ್ಡಲಾಗಿ ಬಿಗಿದು ಕಟ್ಟಿಕೊಂಡ ಹೆಂಗಸೊಬ್ಬಳು ಖಾಲಿ ಬಾಟಲಿಯೊಂದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದಾಳೆ. ಭುಜಕ್ಕೊಂದು, ಹೊಟ್ಟೆಗೊಂದು, ಪಾದಕ್ಕೊಂದು ಏಟು. ತಲೆ ಅಲ್ಲಾಡಿಸಿ ಯಂತ್ರ ನಡೆಸುವವನ ಕಡೆ ತಿರುಗುತ್ತಾಳೆ.

"ಮೂರನೇ ಅಚ್ಚಿನದು ಪಾದ ದಪ್ಪ ಆಗ್ತಿದೆ. ಕಾಯಿಸೋ ಮೂರನೇ ದೀಪ ಸ್ವಲ್ಪ ಇಳಿಸು."

ಅವನು ಕೂಡಲೇ ಇಳಿಸುತ್ತಾನೆ. ಅರ್ಧ ಗಂಟೆಯ ನಂತರ ಅದೇ ಅಚ್ಚಿನ ಬಾಟಲಿಯನ್ನು ಕಾದ ತಂತಿಯಿಂದ ಮೂರು ತುಂಡು ಮಾಡಿ ತೂಗಿದಾಗ ಪಾದದ ತೂಕ ಸರಿಹೋಗಿರುತ್ತದೆ.

ಈಕೆ ಎರ್ಮೆಲಿಂದಾ ಯೌರಿ. ವಯಸ್ಸು ನಲವತ್ತೊಂಬತ್ತು. ಎತ್ತರದ ಬೆಟ್ಟನಾಡಿನ ವಾಂಕಾಯೊ ಊರಿನ ಅಂಚಿನಲ್ಲಿರುವ ಈ ನೀರಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದಾಳೆ. ಇಲ್ಲಿಂದ ದಿನಕ್ಕೆ ಮೂವತ್ತೆಂಟು ಸಾವಿರ ಬಾಟಲಿಗಳು ಹೊರಬೀಳುತ್ತವೆ. ಒಂದೊಂದರ ತೂಕ ಹನ್ನೆರಡು ಗ್ರಾಂ. ಅರ್ಧ ಲೀಟರಿಗಿಂತ ಹೆಚ್ಚು ನೀರು ಹೊತ್ತು, ತಿಕ್ಲಿಯೊ ಎಂಬ ಇನ್ನೂ ಎತ್ತರದ ಕಣಿವೆಬಾಯಿ ಹತ್ತಿ ಇಳಿದು, ಕಡಲ ದಡದ ಲಿಮಾ ನಗರದವರೆಗೂ ಒಂದು ಸುಕ್ಕಿಲ್ಲದೆ ಹೋಗುತ್ತವೆ. ಹಾಗೆ ಹೋಗುವಂತೆ ಮಾಡಿದವಳು ಇವಳು. ಈ ಬಾಟಲಿಗೆ ಸಿಕ್ಕ, ಕಚೇರಿಯ ಗೋಡೆಯಲ್ಲಿ ತೂಗುಹಾಕಿದ ಪ್ರಮಾಣಪತ್ರದಲ್ಲಿ ಕಂಪನಿಯ ಹೆಸರಿದೆ, ಇವಳದಿಲ್ಲ. ಇವಳ ಬಗ್ಗೆ ಬರೆಯಲು ಬಂದ ನಾನು ಅದನ್ನು ಕೇಳಿದರೆ ನಗುತ್ತಾಳೆ: "ಸಂಬಳದ ಚೀಟಿಲಿ ನನ್ನ ಹೆಸರು ಸರಿಯಾಗಿ ಬರೀತಾರೆ. ಅಷ್ಟು ಸಾಕು."

ಸೇರಿದ್ದು ನೆಲ ಗುಡಿಸಲು. ಓದಿದ್ದು ಆರನೇ ತರಗತಿ. ಎರಡನೇ ವರ್ಷದಲ್ಲಿ, ಬಾಟಲಿಯಾಗುವ ಮುನ್ನಿನ ಗಿಡ್ಡ ದಪ್ಪ ಕೊಳವೆಗಳನ್ನು (ಕಾರ್ಖಾನೆಯಲ್ಲಿ ಅವನ್ನು 'ಮರಿ' ಎನ್ನುತ್ತಾರೆ) ಕಾಯಿಸುವ ದೀಪಗಳ ಸಾಲಿನೊಳಗೆ ಸಿಕ್ಕಿಕೊಂಡದ್ದೊಂದನ್ನು ಎಳೆಯಲು ಹೋಗಿ ಎಡಗೈಯ ಮೂರು ಬೆರಳು ಸುಟ್ಟುಕೊಂಡಳು. ಗಾಯ ಮಾಯಿತು, ಸ್ಪರ್ಶ ಮರಳಲಿಲ್ಲ. ಅಂದಿನ ಮೇಲ್ವಿಚಾರಕ ಮನೆಗೆ ಕಳುಹಿಸಲು ಕಾಗದವನ್ನೂ ಬರೆದಿಟ್ಟಿದ್ದ. ತಡೆದವರು ಅಚ್ಚು ಕೊರೆಯುವ ತಿಯೊಬಾಲ್ದೊ. ಅವರಿಗೆ ಈಗ ಎಂಬತ್ತರ ಹತ್ತಿರ. ಶನಿವಾರ ಶನಿವಾರ ಇಂದಿಗೂ ಬಂದು ಅಚ್ಚುಗಳಿಗೆ ಎಣ್ಣೆ ಹಚ್ಚಿ ಹೋಗುತ್ತಾರೆ.

"ಬೆರಳು ಹೋದ್ರೇನು, ಕಿವಿ ಇದೆಯಲ್ಲ ಈ ಹುಡುಗಿಗೆ, ಅಂದೆ," ಎನ್ನುತ್ತಾರೆ ಅವರು. "ಬಾಟಲಿ ತಟ್ಟಿ ತೋರಿಸ್ದೆ. ದಪ್ಪ ಇದ್ರೆ ಡಬ್ ಅನ್ನತ್ತೆ, ತೆಳ್ಳಗಿದ್ರೆ ಟಿಣ್ ಅನ್ನತ್ತೆ. ಒಂದು ತಿಂಗಳಲ್ಲಿ ನನ್ನನ್ನೇ ತಿದ್ದೋಕೆ ಶುರು ಮಾಡಿದ್ಲು."

ಎರ್ಮೆಲಿಂದಾ ಪಕ್ಕದಲ್ಲೇ ನಿಂತಿದ್ದಾಳೆ. "ಆವತ್ತು ಇವರು ಬಾಯಿ ತೆಗೀದೆ ಇದ್ದಿದ್ರೆ ನಾನು ಸಂತೇಲಿ ಬೇಯಿಸಿದ ಜೋಳ ಮಾರ್ತಾ ಇರ್ತಿದ್ದೆ. ಅದರಲ್ಲೇನೂ ತಪ್ಪಿಲ್ಲ. ಆದ್ರೆ ಈ ಶಬ್ದ ಕೇಳ್ತಿರಲಿಲ್ಲ. ಇಬ್ಬರು ಹೆಣ್ಮಕ್ಕಳೂ ಓದ್ತಿರಲಿಲ್ಲ."

ಐದು ವರ್ಷದ ಹಿಂದಿನವರೆಗೆ ಇಲ್ಲಿನ ಬಾಟಲಿಯ ತೂಕ ಹತ್ತೊಂಬತ್ತು ಗ್ರಾಂ. ಎಲ್ಲೆಡೆ ಬಾಟಲಿಗಳು ಹಗುರಾಗುತ್ತಿದ್ದ ಕಾಲ. ಇಂಜಿನಿಯರ್ ಲಾಸ್ಕಾನೊ ಹೊಸ ಅಚ್ಚು ತರಿಸಿ ಹನ್ನೆರಡಕ್ಕೆ ಇಳಿಸಿದರು. ಕಾರ್ಖಾನೆಯೊಳಗೆ ಬಾಟಲಿ ಚೆನ್ನಾಗಿಯೇ ನಿಂತಿತು. ಲಿಮಾದಲ್ಲಿ ಲಾರಿಯ ಬಾಗಿಲು ತೆಗೆದಾಗ ಮಾತ್ರ ಸಾಲು ಸಾಲು ಬಾಟಲಿಗಳು ಒಳಕ್ಕೆ ಸೊಟ್ಟಗಾಗಿದ್ದವು, ಹಲ್ಲು ಬಿದ್ದ ಅಜ್ಜಿಯ ಕೆನ್ನೆಯ ಹಾಗೆ. ಕೆಳಗಿನ ಪೆಟ್ಟಿಗೆಗಳು ಮೇಲಿನವುಗಳ ಭಾರಕ್ಕೆ ಕುಸಿದಿದ್ದವು. ಒಂದು ಲಾರಿ ವಾಪಸಾಯಿತು. ಹದಿನೈದು ದಿನದಲ್ಲಿ ಇನ್ನೊಂದು. ಮೂರನೆಯದೂ ತಿರುಗಿ ಬಂದರೆ ಇಲ್ಲಿನ ಯಂತ್ರ ನಿಲ್ಲಿಸಿ ಲಿಮಾದಲ್ಲೇ ನೀರು ತುಂಬಿಸುತ್ತೇನೆ ಎಂದು ಮಾಲೀಕರು ಎಲ್ಲರನ್ನೂ ಕರೆದು ಹೇಳಿದರು. ಕಾರ್ಖಾನೆಯಲ್ಲಿದ್ದವರು ನಲವತ್ತಾರು ಜನ. ಹಳೆಯ ದಪ್ಪ ಬಾಟಲಿಗೆ ಮರಳುವಂತಿರಲಿಲ್ಲ. ಆ ಅಚ್ಚುಗಳನ್ನು ಆಗಲೇ ಮಾರಿಬಿಟ್ಟಿದ್ದರು.

ಆ ರಾತ್ರಿಯೆಲ್ಲ ಯೋಚಿಸಿ ಎರ್ಮೆಲಿಂದಾ ಬೆಳಿಗ್ಗೆ ಲಾಸ್ಕಾನೊ ಅವರ ಮುಂದೆ ನಿಂತಳು. "ಸಾಹೇಬ್ರೇ, ನಾವು ಬಾಟಲೀನ ಇಲ್ಲಿ ನೋಡ್ತೀವಿ, ಅವರು ಅಲ್ಲಿ ನೋಡ್ತಾರೆ. ದಾರೀಲಿ ಏನಾಗ್ತಿದೆ ಅಂತ ನೋಡಿದೋರು ಯಾರೂ ಇಲ್ಲ. ನನಗೆರಡು ದಿನ ರಜಾ ಕೊಡಿ."

ಲಾರಿ ಓಡಿಸುವ ಫೋರ್ತುನಾತೊ ಅವಳ ಹಿರಿಯ ಮಗಳ ಧರ್ಮಪಿತ, ಚರ್ಚಿನಲ್ಲಿ ಮಗುವಿಗೆ ಹೆಸರಿಟ್ಟಾಗ ಹೊಣೆ ಹೊತ್ತವನು. ಆ ಸಂಬಂಧದಿಂದ ಅವಳನ್ನು ಸಹತಾಯಿ ಎಂಬರ್ಥದಲ್ಲಿ 'ಕೊಮಾದ್ರೆ' ಎಂದೇ ಕರೆಯುತ್ತಾನೆ. ಆ ಸಲ ಅವನು ಲಿಮಾಕ್ಕೆ ಒಯ್ಯುತ್ತಿದ್ದದ್ದು ಆಲೂಗೆಡ್ಡೆ. ಅವನ ಪಕ್ಕದ ಸೀಟಿನಲ್ಲಿ ಕುಳಿತು, ಕಾಲ ಬಳಿ ಹನ್ನೆರಡು ಬಾಟಲಿಗಳ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಳು. ಕೆಲವಕ್ಕೆ ಎಂದಿನಂತೆ ಭುಜದವರೆಗೆ, ಕೆಲವಕ್ಕೆ ಇನ್ನೂ ಕಡಿಮೆ, ಮೂರಕ್ಕೆ ಮಾತ್ರ ಕುತ್ತಿಗೆಯವರೆಗೆ ನೀರು ತುಂಬಿಸಿದ್ದಳು. ಚೀಲದಲ್ಲಿ ಬಣ್ಣ ಬಣ್ಣದ ಉಣ್ಣೆಯ ದಾರ. ನಿಲ್ಲಿಸಿದ ಕಡೆಯೆಲ್ಲ ಬಾಟಲಿಯ ಹೊಟ್ಟೆಗೆ ದಾರ ಸುತ್ತಿ, ಅಳತೆಗೆ ಒಂದು ಗಂಟು.

"ಮುತ್ತಜ್ಜಿಯರ ಕಾಲದ ಲೆಕ್ಕ ಇದು, ಕೊಮಾದ್ರೆ," ಎಂದ ಫೋರ್ತುನಾತೊ. "ಟೇಪು ತರೋಕೆ ಏನಾಗಿತ್ತು?"

"ಟೇಪಿನ ಲೆಕ್ಕ ಮರೆತುಹೋಗತ್ತೆ, ಗಂಟು ದಾರದಲ್ಲೇ ಉಳಿಯತ್ತೆ. ನೀನು ರಸ್ತೆ ನೋಡು."

ಲಾ ಒರೋಯಾ ಊರು ದಾಟಿ ತಿಕ್ಲಿಯೊಗೆ ಏರುತ್ತಿದ್ದಂತೆ ಅವಳ ತಲೆ ಸಿಡಿಯತೊಡಗಿತು. ಎತ್ತರದ ತಲೆನೋವಿಗೆ ಅಲ್ಲಿನವರು ಅಗಿಯುವ ಕೋಕಾ ಎಲೆ ಬಾಯಿಗಿಟ್ಟುಕೊಂಡು ಪೆಟ್ಟಿಗೆ ತೆರೆದಳು. ನೀರು ಕಡಿಮೆ ಇದ್ದ ಬಾಟಲಿಗಳು ಉಬ್ಬಿಕೊಂಡಿದ್ದವು. ಒಂದರ ತಳ ಹೊರಬಂದು ಅದು ನೆಟ್ಟಗೆ ನಿಲ್ಲಲೇ ಇಲ್ಲ. ಆಚೆಗಿಳಿದು ಲಿಮಾ ಹತ್ತಿರದ ಚೊಸಿಕಾ ತಲುಪುವಷ್ಟರಲ್ಲಿ ಅವೇ ಬಾಟಲಿಗಳ ಕೆನ್ನೆ ಒಳಗೆ ಸೇದಿಹೋಗಿತ್ತು. ಕುತ್ತಿಗೆಯವರೆಗೆ ತುಂಬಿದ್ದ ಮೂರು ಮಾತ್ರ ಹೊರಟಾಗ ಹೇಗಿದ್ದವೋ ಹಾಗೇ ಇದ್ದವು.

"ನೀರಿಗೆ ಬೆಟ್ಟವೂ ಒಂದೇ ಕಡಲೂ ಒಂದೇ," ಎಂದು ಈಗ ವಿವರಿಸುತ್ತಾಳೆ. "ಹಿಗ್ಗೋದು ಕುಗ್ಗೋದು ಎಲ್ಲ ಅದರ ಮೇಲಿರೋ ಗಾಳೀದು. ದಪ್ಪ ಬಾಟಲಿ ಅದನ್ನ ತಡ್ಕೊಂಡಿತ್ತು, ತೆಳುವಿಗೆ ಆಗಲಿಲ್ಲ. ಗಾಳಿಗೆ ಜಾಗಾನೇ ಕೊಡದಿದ್ರೆ ಜಗಳಾನೇ ಇಲ್ಲ. ಮೇಲಿಂದ ಭಾರ ಬಿದ್ರೂ ಒಳಗೆ ತುಂಬಿರೋ ನೀರೇ ಕಂಬದ ಹಾಗೆ ಹೊರತ್ತೆ."

ಅಷ್ಟಕ್ಕೇ ಮುಗಿಯಲಿಲ್ಲ. ಇಳಿಜಾರು ಮುಗಿದಲ್ಲಿ ಲಾರಿ ನಿಲ್ಲಿಸಿದ ಫೋರ್ತುನಾತೊ ಬಾಯಾರಿಕೆಗೆಂದು ಆ ಮೂರರಲ್ಲೊಂದನ್ನು ಹಿಡಿದು ಮುಚ್ಚಳ ತಿರುಗಿಸಿದ. ತೆಳ್ಳಗಿನ ಬಾಟಲಿ ಅವನ ಮುಷ್ಟಿಯಲ್ಲಿ ಅಮುಕಿಹೋಯಿತು. ನೀರು ಚಿಮ್ಮಿ ಸೀದಾ ಮಡಿಲಿಗೆ.

"ಈಗ ಲಿಮಾದಲ್ಲಿ ಕೆಳಗಿಳಿಯೋದು ಹೇಗೆ ನಾನು?" ಎಂದ. "ಐವತ್ತೈದು ವರ್ಷಕ್ಕೆ ಚಡ್ಡಿ ಒದ್ದೆ ಮಾಡ್ಕೊಂಡ ಅಂತಾರೆ."

"ಅನ್ನಲಿ ಬಿಡು. ಎಲ್ಲಿ, ಇನ್ನೊಂದು ಸಲ ಹಿಡಿ. ಯಾವ ಬೆರಳು ಎಲ್ಲಿ ಕೂತಿತ್ತು, ತೋರಿಸು."

"ನನ್ನ ಮಾನ ಹೋಗಿದೆ, ಇವಳಿಗೆ ಬೆರಳಿನ ಚಿಂತೆ," ಎಂದು ಗೊಣಗುತ್ತಲೇ ಅವನು ಇನ್ನೊಂದನ್ನು ಹಿಡಿದು ತೋರಿಸಿದ.

ಹಿಂತಿರುಗಿದವಳು ದಾರಗಳನ್ನು ಲಾಸ್ಕಾನೊ ಅವರ ಮೇಜಿನ ಮೇಲೆ ಹರಡಿದಳು. ಅವರು ಒಂದೊಂದೇ ಗಂಟಿನ ಅಂತರ ಅಳೆದು ನೋಡಿದರು. "ನಾನು ವಿದೇಶದಿಂದ ಬಾಟಲಿಯೊಳಗೆ ಅನಿಲ ತುಂಬೋ ಒಂದು ಯಂತ್ರ ತರಿಸೋ ಯೋಚನೆಯಲ್ಲಿದ್ದೆ," ಎಂದು ಅವರೇ ನನಗೆ ಹೇಳಿದರು. "ಅದು ಬರೋಕೆ ಆರು ತಿಂಗಳು. ಅಷ್ಟು ದಿನ ನಮ್ಮ ಹತ್ರ ಇರಲಿಲ್ಲ. ಓದಿದ ನನಗೆ ಹೊಳೀಲಿಲ್ಲ ಅಂತ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳಿಗೆ ಕುರ್ಚಿ ಎಳೆದು ಕೊಟ್ಟೆ."

ಮರುದಿನ ನಲವತ್ತಾರು ಜನರ ಅಂಗೈಗೂ ಮಸಿ ಬಳಿಸಿದಳು. ಸಾಲಾಗಿ ಬಂದು ಒಬ್ಬೊಬ್ಬರೂ ಒಂದು ಬಾಟಲಿ ಹಿಡಿದು ಕೆಳಗಿಡಬೇಕು. ಅಡುಗೆಯ ಹೆಂಗಸು, ಕಾವಲುಗಾರ, ಮಾಲೀಕ, ಯಾರನ್ನೂ ಬಿಡಲಿಲ್ಲ. ಮಸಿಯ ಗುರುತು ಹೆಚ್ಚು ಬಿದ್ದ ಪಟ್ಟಿಯಲ್ಲಿ, ನಡುವಿಗಿಂತ ಎರಡು ಬೆರಳು ಮೇಲೆ, ತಿಯೊಬಾಲ್ದೊ ಅಚ್ಚಿನೊಳಗೆ ಐದು ಗೀರು ಕೊರೆದರು. ಅಲ್ಲಿ ಮೂಡಿದ ಏಣುಗಳು ಅಮುಕುವ ಬೆರಳನ್ನು ತಡೆಯುತ್ತವೆ. ಬಾಟಲಿಯ ಭುಜವನ್ನು ತುಸು ಕೆಳಗಿಳಿಸಿದರು. ಅಷ್ಟೇ ನೀರು ಈಗ ಕುತ್ತಿಗೆ ಮುಟ್ಟಿತು. ಹಗಲಿರುಳು ಒಂಬತ್ತು ದಿನದ ಕೆಲಸ.

ಮೂರನೆಯ ಲಾರಿ ಹೊರಟ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಫೋರ್ತುನಾತೊ ಫೋನು ಮಾಡಿದ. "ಬಾಗಿಲು ತೆಗೆದ್ರು. ನೋಡಿದ್ರು. ಇಳಿಸ್ಕೊಂಡ್ರು. ಯಾರೂ ಏನೂ ಅನ್ನಲಿಲ್ಲ, ಕೊಮಾದ್ರೆ."

"ಇಪ್ಪತ್ತೆಂಟು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದು," ಎನ್ನುತ್ತಾಳೆ ಎರ್ಮೆಲಿಂದಾ. ಆ ನಲವತ್ತಾರು ಜನರಲ್ಲಿ ನಿವೃತ್ತರಾದ ಮೂವರನ್ನು ಬಿಟ್ಟರೆ ಉಳಿದವರೆಲ್ಲ ಇಂದಿಗೂ ಇಲ್ಲೇ ಇದ್ದಾರೆ. ಅಡುಗೆಯ ಹೆಂಗಸು ಅವಳ ತಟ್ಟೆಗೆ ದಿನವೂ ಒಂದು ಆಲೂಗೆಡ್ಡೆ ಹೆಚ್ಚಿಗೆ ಹಾಕುತ್ತಾಳೆ. ಬೇಡವೆಂದರೂ ಕೇಳುವುದಿಲ್ಲ.

ಇಷ್ಟಾದರೂ ಎರ್ಮೆಲಿಂದಾ ತನ್ನ ಕಥೆ ಇಲ್ಲಿಗೆ ನಿಲ್ಲಿಸಲು ಬಿಡುವುದಿಲ್ಲ. "ಸತುರ್ನಿನಾ ವಿಷಯ ಬರೀದೆ ಹೋದ್ರೆ ಇದು ಅರ್ಧ ಸತ್ಯ ಆಗತ್ತೆ," ಎನ್ನುತ್ತಾಳೆ.

ಸತುರ್ನಿನಾ ಭಾನುವಾರದ ಸಂತೆ ಮುಗಿದ ಮೇಲೆ ಬೀದಿಯಲ್ಲಿ ಬಿದ್ದ ಖಾಲಿ ಬಾಟಲಿ ಆರಿಸಿ, ಗುಜರಿಯಂಗಳಕ್ಕೆ ತೂಕದ ಮೇಲೆ ಕೊಡುವವಳು. ಅರವತ್ತು ದಾಟಿದೆ. ಬಾಟಲಿ ಹಗುರಾದ ಆರು ತಿಂಗಳಿಗೆ, ಎರ್ಮೆಲಿಂದಾ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಯಾರೋ ಇವಳೇ ಎಂದು ಸತುರ್ನಿನಾಗೆ ತೋರಿಸಿಕೊಟ್ಟರಂತೆ. ಗೋಣಿ ಕೆಳಗಿಟ್ಟು ಎದುರಿಗೇ ಬಂದು ನಿಂತಳು.

"ಬಾಟಲೀನ ಸಣಕಲು ಮಾಡಿದ ಮಹಾತಾಯಿ ನೀನೇನಾ? ಮೊದಲು ಐವತ್ತೆರಡು ಸಲ ಬಗ್ಗಿದ್ರೆ ಒಂದು ಕಿಲೊ ಆಗ್ತಿತ್ತು. ಈಗ ಎಂಬತ್ತಮೂರು. ನನ್ನ ಸೊಂಟದ ಲೆಕ್ಕ ಯಾರು ಹಿಡಿದ್ರಿ ನಿಮ್ಮಲ್ಲಿ?"

ಎರ್ಮೆಲಿಂದಾ ತರಕಾರಿ ಚೀಲ ಅಲ್ಲೇ ಅಂಗಡಿಯಲ್ಲಿ ಬಿಟ್ಟು ಅವಳ ಜೊತೆ ಗುಜರಿಯಂಗಳದವರೆಗೆ ನಡೆದಳು. ದಾರಿಯುದ್ದಕ್ಕೂ ಬೈಗುಳ. ಉಬ್ಬಿದ ಖಾಲಿ ಬಾಟಲಿಗಳಿಂದ ಗೋಣಿ ಬೇಗ ತುಂಬುತ್ತಿತ್ತು. ತೂಕ ಮಾತ್ರ ಇರುತ್ತಿರಲಿಲ್ಲ. ಅದೇ ಏರು ದಾರಿಯನ್ನು ಸತುರ್ನಿನಾ ಸಂತೆಯ ದಿನ ಆರು ಬಾರಿ ಹತ್ತಬೇಕಿತ್ತು.

ಮತ್ತೆ ತಿಯೊಬಾಲ್ದೊ, ಮತ್ತೆ ಅಚ್ಚು. ಈ ಬಾರಿ ಬಾಟಲಿಯ ಕೆಳ ಅರ್ಧದಲ್ಲಿ ಓರೆಯಾದ ಗೀರುಗಳು. ನೀರು ತುಂಬಿರುವಾಗ ಅವು ಬರಿಯ ಅಲಂಕಾರದಂತೆ ಕಾಣುತ್ತವೆ. ಖಾಲಿಯಾದ ಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಬಾಟಲಿ ಮುಷ್ಟಿಯಷ್ಟಾಗಿ ಮಡಚಿ, ಹಾಗೇ ಉಳಿಯುತ್ತದೆ. ಒಂದು ಗೋಣಿಯಲ್ಲಿ ಈಗ ಮೂರು ಗೋಣಿಯಷ್ಟು ಹಿಡಿಯುತ್ತದೆ. ಆರು ಬಾರಿ ಹತ್ತುತ್ತಿದ್ದವಳು ಎರಡು ಬಾರಿ ಹತ್ತುತ್ತಾಳೆ. ಕಾರ್ಖಾನೆಯವರ ಮನೆಗಳಲ್ಲೂ ಬಾಟಲಿ ತಿರುಚಿ ಕೂಡಿಟ್ಟು ಭಾನುವಾರ ಅವಳಿಗೇ ಕೊಡುವುದು ರೂಢಿಯಾಗಿದೆ.

"ಬೀದೀಲಿ ಬಗ್ಗೋದನ್ನ ತಪ್ಪಿಸೋಕೆ ನನ್ನಿಂದ ಆಗಲಿಲ್ಲ," ಎನ್ನುತ್ತಾಳೆ ಎರ್ಮೆಲಿಂದಾ. "ಹತ್ತೋದನ್ನ ಕಡಿಮೆ ಮಾಡಿದೆ, ಅಷ್ಟೇ."

ಸತುರ್ನಿನಾಳನ್ನು ನಾನು ಸಂತೆಯಲ್ಲಿ ಕಂಡೆ. ಅವಳ ಕೈ ನಿಲ್ಲದೆ ಬಾಟಲಿ ತಿರುಚುತ್ತಿತ್ತು. "ಬೈಗುಳ ತಿಂದೋರು ಬೇಕಾದಷ್ಟು ಜನ ಇದ್ದಾರೆ," ಎಂದಳು. "ತಿಂದು, ಮನೆಗೆ ಹೋಗಿ, ಅದರ ಮೇಲೆ ಕೆಲಸ ಮಾಡಿದೋಳು ಇವಳೊಬ್ಬಳೇ. ದೇವರು ಅವಳ ಕಿವಿ ಚೆನ್ನಾಗಿಟ್ಟಿರಲಿ."

ಪಾಳಿ ಮುಗಿಯುವ ಹೊತ್ತು. ಎರ್ಮೆಲಿಂದಾ ಶಾಲು ಬಿಚ್ಚಿ ಕೊಡವಿ ಮತ್ತೆ ಕಟ್ಟಿಕೊಳ್ಳುತ್ತಿದ್ದಾಳೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಯೋಚಿಸಿ ಹೇಳುತ್ತಾಳೆ.

"ಅಚ್ಚಿನಿಂದ ಆಗಷ್ಟೇ ಬಿದ್ದ ಬಾಟಲಿ ಬೆಚ್ಚಗಿರತ್ತೆ, ಗೊತ್ತಾ? ಕೋಳಿ ಮೊಟ್ಟೆ ಹಾಗೆ. ಸತುರ್ನಿನಾ ಇಷ್ಟು ವರ್ಷ ಮುಟ್ಟಿರೋದೆಲ್ಲ ಇನ್ನೊಬ್ಬರು ಕುಡಿದು ಎಸೆದದ್ದು, ಮಣ್ಣಾಗಿ ತಣ್ಣಗೆ ಕೊರೀತಿರೋದು. ಒಂದು ಸಲ ಅವಳನ್ನ ಒಳಗೆ ಕರ್ಕೊಂಡು ಬಂದು, ಮೊದಲು ಬೀಳೋದನ್ನ ಅವಳ ಕೈಗೆ ಕೊಡಬೇಕು. ಲಾಸ್ಕಾನೊ ಸಾಹೇಬ್ರನ್ನ ಕೇಳ್ದೆ. ಹೊರಗಿನವರನ್ನ ಬಿಡಲ್ಲ ಅಂದ್ರು. ಅವಳು ಹೊರಗಿನವಳಲ್ಲ, ಸಾಹೇಬ್ರೇ, ಅಂದೆ. ಪಾಳಿ ಪಟ್ಟಿ ತಿರುವಿ ನೋಡಿದ್ರು. ಆಮೇಲೆ, ಬುಧವಾರ ಬರಲಿ, ಅಂದ್ರು."